ಹಳೆಯ ಹೋಮ್ ಕಂಪ್ಯೂಟರ್‌ಗಳ ಎಮ್ಯುಲೇಟರ್‌ಗೆ ಕೈಜೋಡಿಸುವುದು ಹೇಗೆ? ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ನಾವು ಕೆಲವರು ಬಿಡುವಿನ ದಿನಗಳಲ್ಲಿ ಕೂತು, 1980ರ ದಶಕದ ಹೋಮ್ ಕಂಪ್ಯೂಟರ್‌ಗಳನ್ನು ಇಂದಿನ ಲ್ಯಾಪ್‌ಟಾಪ್‌ಗಳ ಮೇಲೆ ಮತ್ತೆ ಓಡಿಸುವ ಮುಕ್ತ ತಂತ್ರಾಂಶಗಳಿಗೆ ನಮ್ಮ ಕೈಲಾದ ಕೆಲಸ ಮಾಡುತ್ತೇವೆ. ಸಿಂಧನೂರು, ಗಂಗಾವತಿ, ಸಿರುಗುಪ್ಪ, ಕುಷ್ಟಗಿಯ ವಿದ್ಯಾರ್ಥಿಗಳು, ಶಿಕ್ಷಕರು, ರಿಪೇರಿ ಅಂಗಡಿಯವರು ನಮ್ಮಲ್ಲಿ ಕೇಳುವ ಪ್ರಶ್ನೆಗಳನ್ನೂ ನಮ್ಮ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಎಮ್ಯುಲೇಟರ್ ಎಂದರೆ ನಿಖರವಾಗಿ ಏನು?

ಒಂದು ಕಂಪ್ಯೂಟರ್‌ನ ಪ್ರೊಸೆಸರ್, ಮೆಮೊರಿ, ಪರದೆ ಬಿಡಿಸುವ ಚಿಪ್, ಧ್ವನಿಯ ಚಿಪ್, ಕೀಲಿಮಣೆ ಇವೆಲ್ಲವೂ ಹೇಗೆ ನಡೆದುಕೊಳ್ಳುತ್ತಿದ್ದವೋ ಹಾಗೆಯೇ ನಡೆದುಕೊಳ್ಳುವ ಪ್ರೋಗ್ರಾಂ. ಆ ಯಂತ್ರಕ್ಕೆಂದು ಬರೆದ ತಂತ್ರಾಂಶವನ್ನು ಅದರ ಮೇಲೆ ಓಡಿಸಿದರೆ, ತಾನು ಓಡುತ್ತಿರುವುದು ಬೇರೆ ಯಂತ್ರದ ಮೇಲೆ ಎಂಬುದು ಆ ತಂತ್ರಾಂಶಕ್ಕೆ ತಿಳಿಯಬಾರದು. ನಾನು ಇದನ್ನು ಇನ್ನೊಂದು ಬಗೆಯಲ್ಲೂ ಹೇಳುತ್ತೇನೆ: ಎಮ್ಯುಲೇಟರ್‌ನ ಪ್ರತಿಯೊಂದು ಸಾಲೂ ‘ಆ ಯಂತ್ರ ಹೀಗೆ ವರ್ತಿಸುತ್ತಿತ್ತು’ ಎಂಬ ಒಂದು ಹೇಳಿಕೆ. ಹೇಳಿಕೆಗೆ ಸಾಕ್ಷಿ ಬೇಕು. ಆ ಸಾಕ್ಷಿಯನ್ನು ಒದಗಿಸುವವರು ಯಾರೇ ಆಗಲಿ, ಅವರು ಎಮ್ಯುಲೇಟರ್ ಕಟ್ಟುವವರೇ. ಮುಂದಿನ ಬಹುತೇಕ ಉತ್ತರಗಳು ಈ ಮಾತಿನ ಮೇಲೆಯೇ ನಿಂತಿವೆ.

ನಮ್ಮ ದೇಶದಲ್ಲಿ ಇಂಥ ಕಂಪ್ಯೂಟರ್‌ಗಳು ಇದ್ದವೇ?

ಇದ್ದವು. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆಯನ್ನು ಆರಂಭಿಸಿದಾಗ ಶಾಲೆಗಳಿಗೆ ಬಂದದ್ದು ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ. ಅದೇ ಯಂತ್ರವನ್ನು ಪರವಾನಗಿ ಪಡೆದು ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಹೊರತಂದಿತು. 1986ರ ಹೊತ್ತಿಗೆ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಕಂಪನಿ ಬ್ರಿಟನ್ನಿನ ಸಿಂಕ್ಲೇರ್ ಕಂಪನಿಯ ಸ್ಪೆಕ್ಟ್ರಂ ಪ್ಲಸ್ ಕಂಪ್ಯೂಟರನ್ನು ‘ಡಿಬಿ ಸ್ಪೆಕ್ಟ್ರಂ’ ಎಂದು ಇಲ್ಲಿ ಮಾರಿತು. ಬ್ರಿಟಿಷ್ ಯಂತ್ರಗಳ ಬಗ್ಗೆ ಅಲ್ಲಿನವರು ಸಾವಿರಾರು ಪುಟ ಬರೆದಿಟ್ಟಿದ್ದಾರೆ. ಭಾರತದಲ್ಲಿ ಜೋಡಿಸಿದ ಈ ಆವೃತ್ತಿಗಳ ಬಗ್ಗೆ ದಾಖಲೆ ಬಹಳ ಕಡಿಮೆ. ಮದರ್‌ಬೋರ್ಡಿನ ಫೋಟೊ, ಯಂತ್ರದ ಮೂಲ ತಂತ್ರಾಂಶವನ್ನು ಹೊತ್ತ ರೋಮ್ ಚಿಪ್‌ನ ಪ್ರತಿ, ಜೊತೆಗೆ ಬಂದ ಕೈಪಿಡಿ, ಶಾಲೆಗಳಿಗೆ ಕೊಟ್ಟ ಕ್ಯಾಸೆಟ್‌ಗಳು, ಇವುಗಳಲ್ಲಿ ಯಾವುದು ಸಿಕ್ಕರೂ ಅದು ಬೇರೆ ದೇಶದವರು ಕೊಡಲಾಗದ ಕೊಡುಗೆ.

ಇಷ್ಟು ಹೊತ್ತಿಗೆ ಎಲ್ಲ ಕೆಲಸವೂ ಮುಗಿದಿರಬೇಕಲ್ಲ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದವಿದೆ, ಏಕೆಂದರೆ ಈ ಕೆಲಸದ ರುಚಿಯೆಲ್ಲ ಇಲ್ಲಿಯೇ ಇದೆ.

ಸ್ಪೆಕ್ಟ್ರಂನ ಒಳಗಿರುವ ಝೆಡ್80 ಪ್ರೊಸೆಸರ್ ಮಾರುಕಟ್ಟೆಗೆ ಬಂದದ್ದು 1976ರಲ್ಲಿ. ಲೆಕ್ಕದ ಫಲಿತಾಂಶ ಸೊನ್ನೆಯೇ, ಋಣವೇ ಎಂಬಂಥ ಗುರುತುಗಳನ್ನಿಡುವ ಅದರ ಫ್ಲ್ಯಾಗ್ ರಿಜಿಸ್ಟರ್ ಎಂಬ ಪುಟ್ಟ ಒಳಕೋಶದಲ್ಲಿ ಎಂಟು ಬಿಟ್‌ಗಳಿವೆ. ತಯಾರಕರ ಕೈಪಿಡಿ ಅವುಗಳಲ್ಲಿ ಆರರ ಅರ್ಥವನ್ನು ಮಾತ್ರ ಹೇಳುತ್ತದೆ. 3 ಮತ್ತು 5ನೇ ಬಿಟ್‌ಗಳ ಬಗ್ಗೆ ಮೌನ. ಆದರೆ ಅವು ಸುಮ್ಮನಿರುವುದಿಲ್ಲ. ಒಂದೊಂದು ಆದೇಶದ ನಂತರ ಒಂದೊಂದು ಬೆಲೆ ತಳೆಯುತ್ತವೆ. ಮೆಮೊರಿಯಲ್ಲಿನ ಒಂದು ಬಿಟ್ಟನ್ನು ಪರೀಕ್ಷಿಸುವ ‘ಬಿಟ್’ ಆದೇಶದ ನಂತರ ಆ ಎರಡು ಬಿಟ್‌ಗಳ ಬೆಲೆ ಎಲ್ಲಿಂದ ಬರುತ್ತದೆ ಎಂಬುದು ಬಹುಕಾಲ ಯಾರಿಗೂ ಬಗೆಹರಿದಿರಲಿಲ್ಲ. 2000ರ ದಶಕದಲ್ಲಿ ಕೆಲವು ಹವ್ಯಾಸಿಗಳು ನಿಜವಾದ ಚಿಪ್‌ಗಳ ಮೇಲೆ ಪ್ರಯೋಗ ನಡೆಸಿ, ಕೈಪಿಡಿಯಲ್ಲಿ ಹೆಸರೇ ಇಲ್ಲದ 16 ಬಿಟ್‌ನ ಒಂದು ಒಳ ರಿಜಿಸ್ಟರ್‌ನಿಂದ ಅವು ಸೋರಿಬರುತ್ತವೆ ಎಂದು ತೋರಿಸಿಕೊಟ್ಟರು. ಚಿಪ್ ಹುಟ್ಟಿ ಸುಮಾರು ಮೂವತ್ತು ವರ್ಷವಾದ ಮೇಲೆ ತಿಳಿದ ಸಂಗತಿ ಇದು. ಹೇಳಿದವರು ಕಂಪನಿಯ ಇಂಜಿನಿಯರುಗಳಲ್ಲ, ತಾಳ್ಮೆಯಿದ್ದ ಹವ್ಯಾಸಿಗಳು.

ಇನ್ನೊಂದು ಉದಾಹರಣೆ ಸಮಯದ್ದು. 48ಕೆ ಸ್ಪೆಕ್ಟ್ರಂನಲ್ಲಿ ಪ್ರೊಸೆಸರ್ 3.5 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತದೆ. ಗಡಿಯಾರದ ಒಂದು ಮಿಡಿತಕ್ಕೆ ಟಿ-ಸ್ಟೇಟ್ ಎನ್ನುತ್ತಾರೆ. ಪರದೆಯ ಒಂದು ಸಾಲಿಗೆ 224 ಟಿ-ಸ್ಟೇಟ್, ಒಟ್ಟು 312 ಸಾಲು, ಅಂದರೆ ಒಂದು ಚಿತ್ರಕ್ಕೆ 69,888. ಪರದೆ ಬಿಡಿಸುವ ಯುಎಲ್ಎ ಚಿಪ್ ಮತ್ತು ಪ್ರೊಸೆಸರ್ ಎರಡಕ್ಕೂ ಕೆಳಗಿನ 16ಕೆ ಮೆಮೊರಿ ಒಂದೇ ಹೊತ್ತಿಗೆ ಬೇಕಾದಾಗ ಯುಎಲ್ಎ ಪ್ರೊಸೆಸರ್‌ನ ಗಡಿಯಾರವನ್ನೇ ತಡೆದು ನಿಲ್ಲಿಸುತ್ತದೆ. ಎಷ್ಟು ಹೊತ್ತು? 6, 5, 4, 3, 2, 1, 0, 0 ಎಂಬ ಕ್ರಮದಲ್ಲಿ, ನೀವು ಯಾವ ಮಿಡಿತದಲ್ಲಿ ಬಂದು ಕೇಳಿದಿರಿ ಎಂಬುದರ ಮೇಲೆ. ಈ ತಡೆ ಮೊದಲು ಶುರುವಾಗುವುದು, ಪ್ರತಿ ಚಿತ್ರದ ಆರಂಭದಲ್ಲಿ ಪ್ರೊಸೆಸರ್‌ಗೆ ಬರುವ ಇಂಟರಪ್ಟ್ ಎಂಬ ಸೂಚನೆಯ ನಂತರದ 14,335ನೇ ಟಿ-ಸ್ಟೇಟ್‌ನಲ್ಲಿ. ಇದರಲ್ಲಿ ಒಂದು ಮಿಡಿತ ಆಚೀಚೆಯಾದರೂ ಪರದೆಯ ಅಂಚಿನಲ್ಲಿ ಬಣ್ಣದ ಪಟ್ಟಿ ಬಿಡಿಸುವ ಪ್ರೋಗ್ರಾಂಗಳು ವಕ್ರವಾಗುತ್ತವೆ.

ಬಿಬಿಸಿ ಮೈಕ್ರೋದ ಕಥೆಯೇ ಬೇರೆ. ಅಲ್ಲಿ 6502 ಪ್ರೊಸೆಸರ್ 2 ಮೆಗಾಹರ್ಟ್ಸ್‌ನಲ್ಲಿ ಓಡಿದರೂ ಮೆಮೊರಿಗಾಗಿ ಜಗಳವಿಲ್ಲ. ಪ್ರೊಸೆಸರ್ ಮತ್ತು ಪರದೆ ಸರದಿಯಂತೆ ಓದಿಕೊಳ್ಳುತ್ತವೆ. ಆದರೆ ಕೀಲಿಮಣೆ, ಟೈಮರ್ ನೋಡಿಕೊಳ್ಳುವ ಚಿಪ್‌ಗಳು 1 ಮೆಗಾಹರ್ಟ್ಸ್‌ನವು. ಅವುಗಳನ್ನು ಮುಟ್ಟಿದಾಗಲೆಲ್ಲ ಪ್ರೊಸೆಸರ್‌ನ ಗಡಿಯಾರ ಹಿಗ್ಗುತ್ತದೆ. ಹೀಗೆ ಪ್ರತಿ ಯಂತ್ರಕ್ಕೂ ಅದರದೇ ಸ್ವಭಾವ. ಹೆಸರಾಂತ ಯಂತ್ರಗಳಲ್ಲಿ ಬಹುಪಾಲು ಕೆಲಸ ಆಗಿದೆ, ನಿಜ. ಹೆಚ್ಚು ಮಾರಾಟವಾಗದ ಯಂತ್ರಗಳು, ತದ್ರೂಪಿ ಯಂತ್ರಗಳು, ಪ್ರಿಂಟರ್ ಮತ್ತು ಡಿಸ್ಕ್ ಇಂಟರ್‌ಫೇಸ್‌ಗಳಲ್ಲಿ ಇನ್ನೂ ರಾಶಿ ಕೆಲಸ ಬಿದ್ದಿದೆ.

ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ನನ್ನಿಂದ ಏನಾದೀತು?

ಮೂಲ ಯಂತ್ರ, ಕ್ಯಾಸೆಟ್, ಕೈಪಿಡಿ ಹುಡುಕುವುದು, ಅವನ್ನು ಸರಿಯಾಗಿ ಪ್ರತಿ ಮಾಡುವುದು, ಹೊಸ ಆವೃತ್ತಿ ಬಂದಾಗ ಓಡಿಸಿ ನೋಡಿ ಕೆಟ್ಟದ್ದನ್ನು ತಿಳಿಸುವುದು, ದಾಖಲೆ ಬರೆಯುವುದು. ರಾಯಚೂರು, ಬಳ್ಳಾರಿಯ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಬಿಸಿಗಾಳಿಯ ಯಂತ್ರ ಹಿಡಿದು ಕಾಳಿನಷ್ಟು ಚಿಪ್ಪನ್ನು ಬಿಡಿಸಿ ಕೂಡಿಸುವವರಿದ್ದಾರೆ. ಆ ಕೈಚಳಕ ಅನೇಕ ಒಳ್ಳೆಯ ಪ್ರೋಗ್ರಾಮರ್‌ಗಳಿಗೆ ಇಲ್ಲ. ಹಳೆಯ ಟೇಪ್ ರೆಕಾರ್ಡರ್‌ನ ಹೆಡ್ಡಿನ ಸ್ಕ್ರೂವನ್ನು ಕಿವಿಯಿಂದಲೇ ಸರಿಪಡಿಸುವ ಹಿರಿಯರು ನಮ್ಮ ಊರುಗಳಲ್ಲಿ ಈಗಲೂ ಸಿಗುತ್ತಾರೆ. ಅವರಿಂದ ಈಗಲೇ ಕಲಿತುಕೊಳ್ಳಿ.

ಯಾವ ಯೋಜನೆಯಿಂದ ಶುರು ಮಾಡಲಿ?

ನಿಮಗೆ ಯಾವ ಯಂತ್ರದ ಮೇಲೆ ಪ್ರೀತಿಯೋ ಅದರದ್ದು. ಸ್ಪೆಕ್ಟ್ರಂಗೆ ‘ಫ್ಯೂಸ್’, ಕಮೊಡೋರ್ 64ಕ್ಕೆ ‘ವೈಸ್’, ಎಂಎಸ್‌ಎಕ್ಸ್‌ಗೆ ‘ಓಪನ್ ಎಂಎಸ್‌ಎಕ್ಸ್’, ಬಿಬಿಸಿ ಮೈಕ್ರೋಗೆ ‘ಬಿ-ಎಂ’ ಮತ್ತು ‘ಜೆಎಸ್‌ಬೀಬ್’. ಜಾವಾಸ್ಕ್ರಿಪ್ಟ್ ಬಲ್ಲವರಿಗೆ ನಾನು ಜೆಎಸ್‌ಬೀಬ್ ಹೇಳುತ್ತೇನೆ. ಅದು ಬ್ರೌಸರ್‌ನಲ್ಲೇ ಓಡುವುದರಿಂದ ಕಂಪೈಲ್ ಮಾಡುವ, ಅಂದರೆ ಬರೆದ ಕೋಡನ್ನು ಓಡಬಲ್ಲ ಪ್ರೋಗ್ರಾಂ ಆಗಿ ಪರಿವರ್ತಿಸುವ ತಾಪತ್ರಯ ಕಡಿಮೆ. ಸಿ ಬಲ್ಲವರಿಗೆ ಫ್ಯೂಸ್ ಅಥವಾ ವೈಸ್.

‘ಮೇಮ್’ ಎಲ್ಲಕ್ಕಿಂತ ದೊಡ್ಡದು. 1997ರಲ್ಲಿ ಆರ್ಕೇಡ್ ಆಟಗಳಿಗಾಗಿ ಆರಂಭವಾದ ಅದು, ಕಂಪ್ಯೂಟರ್‌ಗಳಿಗೆಂದೇ ಇದ್ದ ‘ಮೆಸ್’ ಎಂಬ ಸೋದರ ಯೋಜನೆಯನ್ನು 2015ರಲ್ಲಿ ತನ್ನೊಳಗೆ ಸೇರಿಸಿಕೊಂಡಿತು. ಭಾರತದ ಅಪರೂಪದ ಯಂತ್ರವೊಂದರ ರೋಮ್ ನಿಮಗೆ ಸಿಕ್ಕರೆ ಅದಕ್ಕೆ ತಕ್ಕ ಮನೆ ಮೇಮ್. ಏಕೆಂದರೆ ಅದರಲ್ಲಿ ಒಂದೊಂದು ಚಿಪ್ಪೂ ಬೇರೆಬೇರೆ ಘಟಕವಾಗಿದೆ. ಹೊಸ ಯಂತ್ರವನ್ನು ಸೇರಿಸುವುದೆಂದರೆ ಬಹುಮಟ್ಟಿಗೆ ಇರುವ ಚಿಪ್‌ಗಳನ್ನು ಹೊಸ ರೀತಿಯಲ್ಲಿ ಜೋಡಿಸುವುದು.

ನನ್ನ ಹಳೆಯ ಲ್ಯಾಪ್‌ಟಾಪ್ ಸಾಕೇ?

ಫ್ಯೂಸ್, ವೈಸ್, ಬಿ-ಎಂಗೆ ಧಾರಾಳ ಸಾಕು. ಮೇಮ್ ಅನ್ನು ಪೂರ್ತಿ ಕಂಪೈಲ್ ಮಾಡಲು 4 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್ ಹೆಣಗಾಡುತ್ತದೆ. ಅದಕ್ಕೆ ದಾರಿಯಿದೆ: ‘ಸೋರ್ಸಸ್’ ಎಂಬ ಆಯ್ಕೆಯಲ್ಲಿ ನಿಮಗೆ ಬೇಕಾದ ಯಂತ್ರದ ಕಡತವನ್ನಷ್ಟೇ ಹೆಸರಿಸಿದರೆ ಅದಕ್ಕೆ ಬೇಕಾದ ಭಾಗಗಳು ಮಾತ್ರ ಕಂಪೈಲ್ ಆಗುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದರಿಂದ ಮಧ್ಯಾಹ್ನ ಲ್ಯಾಪ್‌ಟಾಪ್ ಕಾದು ತಾನೇ ವೇಗ ತಗ್ಗಿಸುತ್ತದೆ. ದೊಡ್ಡ ಕಂಪೈಲ್ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ.

ಮೊದಲ ದಿನ ಏನು ಮಾಡಿ ನೋಡಲಿ?

ಸ್ಪೆಕ್ಟ್ರಂ ಎಮ್ಯುಲೇಟರ್ ತೆರೆದು ನಮ್ಮ ಕನ್ನಡ ಬಾವುಟ ಬಿಡಿಸಿ. ಹೊಸಬರೆಲ್ಲರಿಗೂ ನಾನು ಮೊದಲು ಮಾಡಿಸುವುದು ಇದನ್ನೇ.

ಸ್ಪೆಕ್ಟ್ರಂನ ಪರದೆಯ ಬಣ್ಣಗಳು 22528ರಿಂದ 23295ರವರೆಗಿನ 768 ಬೈಟ್‌ಗಳಲ್ಲಿರುತ್ತವೆ. ಅಡ್ಡಕ್ಕೆ 32, ಉದ್ದಕ್ಕೆ 24 ಚೌಕ, ಚೌಕಕ್ಕೊಂದು ಬೈಟ್. ಹಿನ್ನೆಲೆ ಬಣ್ಣದ ಸಂಖ್ಯೆಯನ್ನು ಎಂಟರಿಂದ ಗುಣಿಸಿ ಬರೆಯಬೇಕು. ಹಳದಿಯ ಸಂಖ್ಯೆ 6, ಆದ್ದರಿಂದ 48. ಕೆಂಪಿನ ಸಂಖ್ಯೆ 2, ಆದ್ದರಿಂದ 16. ಸ್ಪೆಕ್ಟ್ರಂನ ಬೇಸಿಕ್ ಭಾಷೆಯಲ್ಲಿ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಒಂದು ಫಾರ್ (FOR) ಆವರ್ತದಿಂದ 22528ರಿಂದ 22911ರವರೆಗಿನ ವಿಳಾಸಗಳಿಗೆ 48 ಅನ್ನು ಪೋಕ್ (POKE) ಮಾಡಿ, ಅಂದರೆ ನೇರವಾಗಿ ಬರೆಯಿರಿ. ಇನ್ನೊಂದು ಆವರ್ತದಿಂದ 22912ರಿಂದ 23295ರವರೆಗೆ 16 ಅನ್ನು ಪೋಕ್ ಮಾಡಿ. ಕೊನೆಯಲ್ಲಿ, ಕೀಲಿ ಒತ್ತುವವರೆಗೆ ಕಾಯುವ ‘ಪಾಝ್ 0’ (PAUSE 0) ಇರಲಿ. ಓಡಿಸಿದಾಗ ಮೇಲರ್ಧ ಹಳದಿ, ಕೆಳಗಿನರ್ಧ ಕೆಂಪು ಬಣ್ಣ ಚೌಕ ಚೌಕವಾಗಿ ತುಂಬಿಕೊಳ್ಳುತ್ತಾ ಹೋಗುವುದು ಕಣ್ಣಿಗೆ ಕಾಣುತ್ತದೆ. ಬಳಿಕ ಯಾವುದಾದರೂ ಕೀಲಿ ಒತ್ತಿದರೆ ಕೊನೆಯ ಎರಡು ಸಾಲು ಬಿಳಿಯಾಗಿ ‘ಓಕೆ’ ಸಂದೇಶ ಮೂಡುತ್ತದೆ. ಏಕೆಂದರೆ ರೋಮ್ ಆ ಎರಡು ಸಾಲುಗಳನ್ನು ತನ್ನ ಮಾತಿಗೆಂದು ಕಾಯ್ದಿರಿಸಿಕೊಂಡಿದೆ.

ಈಗ ಅಳತೆ. 23672 ಮತ್ತು 23673ನೇ ವಿಳಾಸಗಳಲ್ಲಿ ಸೆಕೆಂಡಿಗೆ ಸುಮಾರು 50 ಬಾರಿ ಏರುವ ಎಣಿಕೆಯಿದೆ. ಆವರ್ತದ ಮೊದಲು ಒಮ್ಮೆ, ನಂತರ ಒಮ್ಮೆ ಅದನ್ನು ಓದಿ ವ್ಯತ್ಯಾಸವನ್ನು ಪರದೆಗೆ ಮುದ್ರಿಸಿ. ಅದೇ ಪ್ರೋಗ್ರಾಂ ಅನ್ನು ಬೇರೆ ಬೇರೆ ಎಮ್ಯುಲೇಟರ್‌ಗಳಲ್ಲಿ, ಸಾಧ್ಯವಾದರೆ ನಿಜವಾದ ಯಂತ್ರದಲ್ಲಿ ಓಡಿಸಿ. ಸಂಖ್ಯೆಗಳು ಹೊಂದದಿದ್ದರೆ, ಮತ್ತೆ ಮತ್ತೆ ಓಡಿಸಿದರೂ ಹೊಂದದಿದ್ದರೆ, ನಿಮ್ಮ ಮೊದಲ ಬಗ್ (ದೋಷ) ವರದಿ ಕೈಗೆ ಬಂದಿದೆ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ವರದಿ ಬರೆಯುವುದು ಹೇಗೆ?

ಅಲಂಕಾರದ ಇಂಗ್ಲಿಷ್ ಯಾರಿಗೂ ಬೇಕಿಲ್ಲ. ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಂ, ಯಾವ ಯಂತ್ರದ ಮಾದರಿ, ಏನೇನು ಒತ್ತಿದಿರಿ, ಏನಾಯಿತು, ಏನಾಗಬೇಕಿತ್ತು. ಇವಿಷ್ಟನ್ನು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆದರೆ ಸಾಕು. ‘ಏನಾಗಬೇಕಿತ್ತು’ ಎಂಬುದಕ್ಕೆ ಆಧಾರ ಹೇಳುವುದನ್ನು ಮಾತ್ರ ಮರೆಯಬೇಡಿ: ನಿಜವಾದ ಯಂತ್ರದಲ್ಲಿ ನೋಡಿದ್ದೋ, ಚಿಪ್‌ನ ದತ್ತಾಂಶ ಪುಟದಲ್ಲಿ ಓದಿದ್ದೋ, ಬೇರೆ ಎಮ್ಯುಲೇಟರ್‌ನಲ್ಲಿ ಕಂಡದ್ದೋ. ಮೂರಕ್ಕೂ ತೂಕ ಬೇರೆ ಬೇರೆ. ಮೊದಲನೆಯದಕ್ಕೆ ಎದುರಿಲ್ಲ.

ಮೂಲ ಯಂತ್ರದ ಪರದೆಯನ್ನು ಮೊಬೈಲ್‌ನಲ್ಲಿ ಸೆರೆಹಿಡಿಯುವಾಗ ಕ್ಯಾಮೆರಾದ ‘ಪ್ರೊ’ ವಿಧಾನಕ್ಕೆ ಹೋಗಿ ಶಟರ್ ವೇಗವನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಡಿ. ಇಲ್ಲದಿದ್ದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡಿ ಸಾಕ್ಷಿಯೇ ಹಾಳಾಗುತ್ತದೆ.

ಕೋಡ್ ಬದಲಾವಣೆ ಕಳಿಸುವಾಗ ಏನನ್ನು ನೋಡಿಕೊಳ್ಳಬೇಕು?

ಹೀಗೆ ಕಳಿಸುವ ಕೋಡ್ ಬದಲಾವಣೆಗೆ ಪ್ಯಾಚ್ ಎನ್ನುತ್ತಾರೆ. ಒಂದು ಪ್ಯಾಚ್‌ಗೆ ಒಂದೇ ವಿಷಯ. ಅಕ್ಷರಗಳ ನಡುವಿನ ಖಾಲಿ ಜಾಗ ಸರಿಪಡಿಸುವುದನ್ನೂ ಡಿಸ್ಕ್ ದೋಷ ಸರಿಪಡಿಸುವುದನ್ನೂ ಒಟ್ಟಿಗೆ ಕಳಿಸಿದರೆ ಓದುವವರ ತಾಳ್ಮೆ ಕೆಡುತ್ತದೆ. ಆ ಯೋಜನೆಯಲ್ಲಿ ಕೋಡ್ ಬರೆಯುವ ಶೈಲಿ ನಿಮಗೆ ಹಿಡಿಸದಿದ್ದರೂ ಅದನ್ನೇ ಅನುಸರಿಸಿ.

ಪ್ರೊಸೆಸರ್ ಭಾಗವನ್ನು ಮುಟ್ಟಿದರೆ ಪರೀಕ್ಷೆ ಕಡ್ಡಾಯ. ಝೆಡ್80ಕ್ಕೆ ‘ಝೆಕ್ಸ್‌ಆಲ್’ ಎಂಬ ಪರೀಕ್ಷಾ ಪ್ರೋಗ್ರಾಂ ಇದೆ. ಅದು ಆದೇಶಗಳನ್ನು ಬಗೆಬಗೆಯ ಬೆಲೆಗಳೊಂದಿಗೆ ಓಡಿಸಿ, ಫ್ಲ್ಯಾಗ್‌ಗಳನ್ನೂ ಸೇರಿಸಿ ಫಲಿತಾಂಶಗಳ ಮೊತ್ತವನ್ನು ನಿಜವಾದ ಚಿಪ್‌ನ ಮೊತ್ತಕ್ಕೆ ಹೋಲಿಸುತ್ತದೆ. 6502ಕ್ಕೂ ಇಂಥ ಪರೀಕ್ಷೆಗಳಿವೆ. 6502ರ ಮೂಲ ಆವೃತ್ತಿಯಲ್ಲಿ ಒಂದು ಪ್ರಸಿದ್ಧ ದೋಷವಿದೆ: ಪರೋಕ್ಷ ಜಂಪ್ ಆದೇಶದ ವಿಳಾಸ 256 ಬೈಟ್‌ಗಳ ಪುಟದ ಕೊನೆಯ ಬೈಟ್‌ನಲ್ಲಿದ್ದರೆ, ಎರಡನೆಯ ಬೈಟನ್ನು ಮುಂದಿನ ಪುಟದಿಂದ ತರುವ ಬದಲು ಅದೇ ಪುಟದ ಆರಂಭದಿಂದ ತರುತ್ತದೆ. ಎಮ್ಯುಲೇಟರ್ ಈ ದೋಷವನ್ನೂ ಚಾಚೂ ತಪ್ಪದೆ ನಕಲು ಮಾಡಬೇಕು. ಅದನ್ನು ‘ಸರಿಪಡಿಸಿದ’ ಪ್ಯಾಚ್ ಕಳಿಸಿದರೆ ಒಪ್ಪುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಒಂದು ಆಟ ಸರಿಯಾಗಿ ಓಡುತ್ತಿಲ್ಲವೆಂದು ಆ ಆಟದ ಹೆಸರು ನೋಡಿ ದಾರಿ ಬದಲಿಸುವ ಕೋಡ್ ಬರೆಯಬೇಡಿ. ಆಟ ತಪ್ಪಾಗಿ ಓಡುತ್ತಿದ್ದರೆ ಯಂತ್ರದ ಬಗ್ಗೆ ನಮಗೆ ಏನೋ ತಿಳಿದಿಲ್ಲವೆಂದು ಅರ್ಥ. ಅದನ್ನು ಹುಡುಕುವುದೇ ಕೆಲಸ. ಕಾರಣ ಸಿಕ್ಕಿತೆಂದರೆ ಆ ಆಟದ ಜೊತೆಗೆ ನೀವು ನೋಡಿಯೇ ಇರದ ಇನ್ನಷ್ಟು ಪ್ರೋಗ್ರಾಂಗಳೂ ಸರಿಹೋಗುತ್ತವೆ.

ಪ್ಯಾಚ್ ಕಳಿಸಿ ವಾರಗಳಾದವು, ಉತ್ತರವೇ ಇಲ್ಲ. ಬೇಸರವಾಗಿದೆ.

ಅವರೂ ನಮ್ಮಂತೆಯೇ ಸಂಸಾರ, ಉದ್ಯೋಗದ ನಡುವೆ ಸಂಬಳವಿಲ್ಲದೆ ದುಡಿಯುವವರು. ಕೆಲವು ವಾರ ಬಿಟ್ಟು ಸೌಜನ್ಯದಿಂದ ಒಮ್ಮೆ ನೆನಪಿಸಿ. ಅಷ್ಟರಲ್ಲಿ ಬೇರೆಯವರ ಪ್ಯಾಚ್ ಓದಿ, ಓಡಿಸಿ, ಫಲಿತಾಂಶ ತಿಳಿಸಿ. ಪರೀಕ್ಷಿಸಿ ಹೇಳುವವರನ್ನು ಯೋಜನೆಯವರು ಬೇಗ ಗುರುತಿಸುತ್ತಾರೆ.

ನಮ್ಮ ಶಾಲೆಯ ಉಗ್ರಾಣದಲ್ಲಿ ಹಳೆಯ ಕಂಪ್ಯೂಟರ್ ಇದೆ. ಹಚ್ಚಿ ನೋಡಬಹುದೇ?

ದಯವಿಟ್ಟು ಹಚ್ಚಬೇಡಿ. ಮೊದಲು ಮುಖ್ಯೋಪಾಧ್ಯಾಯರ ಅನುಮತಿ ಪಡೆಯಿರಿ, ಏಕೆಂದರೆ ಅದು ಶಾಲೆಯ ಆಸ್ತಿ. ಹಾಗೆಯೇ ಹಳೆಯ ದಾಸ್ತಾನು ವಹಿಯನ್ನು ತೋರಿಸಲು ಕೇಳಿಕೊಳ್ಳಿ. ಯಂತ್ರ ಯಾವ ವರ್ಷ ಬಂತು, ಅದರ ಜೊತೆ ಏನೇನು ಬಂತು, ಕ್ರಮಸಂಖ್ಯೆ ಏನು ಎಂಬುದನ್ನು ಅಂದಿನ ಗುಮಾಸ್ತರು ಬರೆದಿಟ್ಟಿರುವ ಸಾಧ್ಯತೆ ಇದೆ. ಅದರ ಫೋಟೊ ಯಂತ್ರದಷ್ಟೇ ಬೆಲೆಯುಳ್ಳದ್ದು.

ಬಿಬಿಸಿ ಮೈಕ್ರೋದ ವಿದ್ಯುತ್ ಘಟಕದಲ್ಲಿ ‘ರಿಫಾ’ ಎಂಬ ಹೆಸರಿನ, ಹಳದಿ ಪಾರದರ್ಶಕ ಕವಚದ ಕೆಪಾಸಿಟರ್‌ಗಳಿರುತ್ತವೆ. ವರ್ಷಗಳು ಕಳೆದಂತೆ ಕವಚ ಬಿರುಕು ಬಿಟ್ಟು ತೇವ ಒಳಸೇರುತ್ತದೆ. 230 ವೋಲ್ಟ್ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಅವು ಸಿಡಿದು ಕೋಣೆಯ ತುಂಬ ಹೊಗೆ ತುಂಬಬಹುದು. ಬಲ್ಲವರಿಂದ ಮೊದಲು ಅವನ್ನು ಬದಲಿಸಿ. ಸ್ಪೆಕ್ಟ್ರಂಗೆ 9 ವೋಲ್ಟ್ ಅಡಾಪ್ಟರ್ ಬೇಕು, ಆದರೆ ಅದರ ಪಿನ್ನಿನ ಒಳಭಾಗ ಋಣ, ಹೊರಭಾಗ ಧನ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಅಡಾಪ್ಟರ್‌ಗಳು ಇದಕ್ಕೆ ತದ್ವಿರುದ್ಧ. ಮೀಟರ್ ಹಿಡಿದು ನೋಡದೆ ಚುಚ್ಚಬೇಡಿ.

ಧೂಳಿನ ಮಾತನ್ನೂ ಹೇಳಬೇಕು. ಸಂಡೂರು ಭಾಗದಿಂದ ಬರುವ ಯಂತ್ರಗಳ ಒಳಗೆ ಅದಿರಿನ ಕೆಂಪು ಪುಡಿ ತೆಳ್ಳಗೆ ಪದರಗಟ್ಟಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಕೆಸರಾಗಿ ಸಾಕೆಟ್‌ಗಳೊಳಗೆ ಇಳಿಯುತ್ತದೆ. ಮೆತ್ತನೆಯ ಒಣ ಬ್ರಷ್‌ನಿಂದ ಮೊದಲು ತೆಗೆದು, ಆಮೇಲೆ ಮೊಬೈಲ್ ಅಂಗಡಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಸಂಪರ್ಕಗಳನ್ನು ಒರೆಸಿ.

ಕ್ಯಾಸೆಟ್‌ಗಳನ್ನು ಪ್ರತಿ ಮಾಡುವುದು ಹೇಗೆ?

ಟೇಪ್ ರೆಕಾರ್ಡರ್‌ನ ಇಯರ್‌ಫೋನ್ ಕಿಂಡಿಯಿಂದ ನೇರ ತಂತಿ ಎಳೆದು, ಲೈನ್-ಇನ್ ಇರುವ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಮೂಲಕ ದಾಖಲಿಸಿ. ಸ್ಪೀಕರ್ ಮುಂದೆ ಮೈಕ್ ಹಿಡಿದರೆ ಫ್ಯಾನಿನ ಸದ್ದೂ ಸೇರಿಕೊಳ್ಳುತ್ತದೆ. 44.1 ಕಿಲೊಹರ್ಟ್ಸ್, ವೇವ್ ಕಡತ. ಎಂಪಿ3 ಬೇಡವೇ ಬೇಡ. ಮನುಷ್ಯನ ಕಿವಿಗೆ ಬೇಡವೆಂದು ಅದು ಕೈಬಿಡುವ ಅಂಶಗಳು ಯಂತ್ರಕ್ಕೆ ಬೇಕಾಗಬಹುದು. ಶಬ್ದ ಶುದ್ಧಗೊಳಿಸುವ ಯಾವ ಸೌಲಭ್ಯವನ್ನೂ ಹಾಕಬೇಡಿ.

ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಆ ಕಡತವನ್ನು ತೆರೆದು ಹಿಗ್ಗಿಸಿ ನೋಡಿದರೆ ಸ್ಪೆಕ್ಟ್ರಂನ ಭಾಷೆ ಕಣ್ಣಿಗೇ ಕಾಣುತ್ತದೆ. ಆರಂಭದಲ್ಲಿ ಸುಮಾರು 5 ಸೆಕೆಂಡ್ ಒಂದೇ ಸಮನೆ ಕೂಗುವ ಪೀಠಿಕೆಯ ಧ್ವನಿ. ಅದರ ಒಂದೊಂದು ಅರ್ಧ ಅಲೆಯೂ 2,168 ಟಿ-ಸ್ಟೇಟ್, ಅಂದರೆ ಸುಮಾರು 807 ಹರ್ಟ್ಸ್. ಆಮೇಲೆ 667 ಮತ್ತು 735 ಟಿ-ಸ್ಟೇಟ್‌ಗಳ ಎರಡು ಚಿಕ್ಕ ಮಿಡಿತ. ಅಲ್ಲಿಂದ ಬಿಟ್‌ಗಳು: ಸೊನ್ನೆಗೆ 855ರ ಎರಡು ಮಿಡಿತ, ಒಂದಕ್ಕೆ 1,710ರ ಎರಡು ಮಿಡಿತ. ‘ಒಂದು’ ಎಂಬುದು ‘ಸೊನ್ನೆ’ಗಿಂತ ಸರಿಯಾಗಿ ಎರಡು ಪಟ್ಟು ಅಗಲ. ಹೊಸಬರು ಮೊದಲ ಸಲ ಅಲೆಗಳನ್ನು ಎಣಿಸಿ ತಮ್ಮ ಕೈಯಾರೆ ಒಂದು ಬೈಟ್ ಓದಿದಾಗ ಅವರ ಮುಖ ಅರಳುವುದನ್ನು ನೋಡುವುದು ನನಗೆ ಈ ಕೆಲಸದ ದೊಡ್ಡ ಸಂತೋಷ. ಬಿಬಿಸಿ ಮೈಕ್ರೋದಲ್ಲಿ ಸೊನ್ನೆಗೆ 1,200 ಹರ್ಟ್ಸ್‌ನ ಒಂದು ಅಲೆ, ಒಂದಕ್ಕೆ 2,400 ಹರ್ಟ್ಸ್‌ನ ಎರಡು ಅಲೆ.

ಅಲೆಗಳು ಮಸುಕಾಗಿದ್ದರೆ ಹೆಡ್ ಓರೆಯಾಗಿರಬಹುದು. ಧ್ವನಿ ಅತ್ಯಂತ ತೀಕ್ಷ್ಣವಾಗಿ ಕೇಳುವವರೆಗೆ ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು ನಿಧಾನ ತಿರುಗಿಸಿ. ಎರಡು ಬಾರಿ ದಾಖಲಿಸಿ, ಎರಡೂ ಒಂದೇ ದತ್ತಾಂಶ ಕೊಡುತ್ತವೆಯೇ ನೋಡಿ. ಕ್ಯಾಸೆಟ್‌ನ ಎರಡೂ ಬದಿ, ಒಳಕಾಗದ, ಮೇಲೆ ಪೆನ್ನಿನಲ್ಲಿ ಗೀಚಿದ ಬರಹ ಎಲ್ಲದರ ಫೋಟೊ ಇರಲಿ.

ರೋಮ್ ಚಿಪ್ಪನ್ನು ಓದುವುದು ಹೇಗೆ?

ಸಾಕೆಟ್‌ನಲ್ಲಿರುವ ಚಿಪ್ಪನ್ನು ಹುಷಾರಾಗಿ ಎತ್ತಿ ಯುಎಸ್‌ಬಿ ಪ್ರೋಗ್ರಾಮರ್‌ನಲ್ಲಿ ಓದಬಹುದು. ಹಲವು ಬಾರಿ ಓದಿ ಚೆಕ್‌ಸಮ್, ಅಂದರೆ ಓದಿದ ದತ್ತಾಂಶದಿಂದ ಲೆಕ್ಕ ಹಾಕಿದ ತಾಳೆಸಂಖ್ಯೆ, ಹೊಂದುತ್ತದೆಯೇ ನೋಡಿ. ಕಾಲು ಕಪ್ಪಾದ ಚಿಪ್‌ಗಳು ಒಮ್ಮೊಮ್ಮೆ ಒಂದೊಂದು ಉತ್ತರ ಕೊಡುತ್ತವೆ. ಗಾಜಿನ ಕಿಟಕಿಯಿರುವ ಚಿಪ್ ಆದರೆ ಅದರ ಮೇಲಿನ ಚೀಟಿಯನ್ನು ಕೀಳಬೇಡಿ. ನೇರಳಾತೀತ ಬೆಳಕಿಗೆ ಅದರೊಳಗಿನ ದತ್ತಾಂಶ ಅಳಿಸುತ್ತದೆ. ನಮ್ಮ ಊರಿನ ಬಿಸಿಲಂತೂ ಬೇಡ.

ಸ್ಪೆಕ್ಟ್ರಂಗೆ ಸ್ಕ್ರೂಡ್ರೈವರ್ ಕೂಡ ಬೇಕಿಲ್ಲ. ರೋಮ್ ಸೊನ್ನೆಯಿಂದ 16,384 ಬೈಟ್ ಇರುವುದರಿಂದ, ಬೇಸಿಕ್‌ನ ‘ಸೇವ್’ ಆದೇಶಕ್ಕೆ ಕೋಡ್ 0, 16384 ಎಂದು ಕೊಟ್ಟರೆ ಯಂತ್ರ ತನ್ನ ರೋಮ್ ಅನ್ನು ತಾನೇ ಟೇಪಿಗೆ ಹಾಡಿಬಿಡುತ್ತದೆ. ಡಿಬಿ ಸ್ಪೆಕ್ಟ್ರಂ ಸಿಕ್ಕವರು ದಯವಿಟ್ಟು ಇದನ್ನು ಮಾಡಿ. ಬ್ರಿಟಿಷ್ ರೋಮ್‌ನಂತೆಯೇ ಇದ್ದರೂ, ಹಾಗೆ ಇದೆ ಎಂಬುದೇ ಒಂದು ದಾಖಲೆ.

ಬಿಬಿಸಿ ಮೈಕ್ರೋದಲ್ಲಿ ಈ ದಾರಿ ಪೂರ್ತಿ ನಡೆಯುವುದಿಲ್ಲ. 64512ರಿಂದ 65279ರವರೆಗಿನ 768 ವಿಳಾಸಗಳಲ್ಲಿ ಹೊರಗಿನ ಸಾಧನಗಳ ಚಿಪ್‌ಗಳು ಉತ್ತರಿಸುವುದರಿಂದ ರೋಮ್‌ನ ಆ ಭಾಗ ಪ್ರೊಸೆಸರ್‌ಗೆ ಕಾಣುವುದೇ ಇಲ್ಲ. ಹಾಗೆ ಮರೆಯಾದ ಜಾಗವನ್ನು ಏಕಾರ್ನ್‌ನವರು ಆ ಯಂತ್ರವನ್ನು ಕಟ್ಟಲು ನೆರವಾದವರಿಗೆ ಕೃತಜ್ಞತೆ ಹೇಳಿ ಅವರ ಹೆಸರುಗಳನ್ನು ಬರೆದಿಡಲು ಬಳಸಿಕೊಂಡರು. ಚಿಪ್ಪನ್ನು ಹೊರತೆಗೆದು ಓದಿದವರಿಗೆ ಮಾತ್ರ ಆ ಹೆಸರುಗಳು ಕಾಣುತ್ತವೆ.

ಇದೆಲ್ಲ ಕಾನೂನುಬದ್ಧವೇ?

ಎಮ್ಯುಲೇಟರ್ ಬರೆಯುವುದರಲ್ಲಿ ತೊಂದರೆಯಿಲ್ಲ. ರೋಮ್ ಮತ್ತು ಆಟಗಳ ವಿಷಯವೇ ಬೇರೆ. ಅವುಗಳ ಮೇಲೆ ಹಕ್ಕುಸ್ವಾಮ್ಯವಿದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂಗಳು ಸಾಹಿತ್ಯ ಕೃತಿಗಳ ಗುಂಪಿಗೆ ಸೇರುತ್ತವೆ. ಸಾಹಿತ್ಯ ಕೃತಿಗೆ ಲೇಖಕನ ಮರಣಾನಂತರ 60 ವರ್ಷ ರಕ್ಷಣೆಯಿದೆ. ‘ಹಳೆಯದಾಯಿತು, ಯಾರೂ ಕೇಳುವುದಿಲ್ಲ’ ಎಂಬುದು ಕಾನೂನಿನ ಮಾತಲ್ಲ. ಆದರೆ ನ್ಯಾಯವಾಗಿ ತಮ್ಮ ಬಳಿ ಪ್ರತಿ ಇರುವವರು ಅದು ನಾಶವಾಗದಂತೆ ಬ್ಯಾಕಪ್ ಮಾಡಿಕೊಳ್ಳಲು 52ನೇ ಕಲಂ ಅವಕಾಶ ಕೊಡುತ್ತದೆ.

ಸ್ಪೆಕ್ಟ್ರಂ ಪ್ರಿಯರ ಅದೃಷ್ಟ ದೊಡ್ಡದು. 1986ರಲ್ಲಿ ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು ಕೊಂಡ ಆಮ್‌ಸ್ಟ್ರಾಡ್ ಕಂಪನಿ, ತನ್ನ ಹಕ್ಕನ್ನು ಉಳಿಸಿಕೊಂಡೇ, ಎಮ್ಯುಲೇಟರ್‌ಗಳ ಜೊತೆ ರೋಮ್ ಹಂಚಲು 1999ರಲ್ಲಿ ಅನುಮತಿ ನೀಡಿತು. ಬೇರೆ ಯಂತ್ರಗಳಿಗೆ ಇದನ್ನು ಅನ್ವಯಿಸಬೇಡಿ. ಸೋರಿಕೆಯಾದ ಕಂಪನಿಯ ಸೋರ್ಸ್ ಕೋಡ್ ನೋಡಿ ಪ್ಯಾಚ್ ಬರೆಯುವುದಂತೂ ಇಡೀ ಯೋಜನೆಯನ್ನೇ ಅಪಾಯಕ್ಕೆ ದೂಡುತ್ತದೆ.

ಕನ್ನಡದಲ್ಲಿ ಏನು ಮಾಡಬಹುದು?

ಮೆನುಗಳ ಅನುವಾದಕ್ಕೆ ಹಲವು ಯೋಜನೆಗಳಲ್ಲಿ ಅವಕಾಶವಿದೆ. ಮೇಮ್‌ನ ಮೂಲದಲ್ಲೂ ಭಾಷೆಗಳಿಗೆಂದೇ ಒಂದು ಫೋಲ್ಡರ್ ಇದೆ. ಆದರೆ ನೂರಾರು ಸಾಲು ಅನುವಾದಿಸುವ ಮೊದಲು ‘ಸ್ತ್ರೀ’, ‘ಅರ್ಕಾವತಿ’, ‘ವಿದ್ಯುಚ್ಛಕ್ತಿ’ ಎಂಬ ಪದಗಳನ್ನು ಹಾಕಿ ನೋಡಿ. ತಮ್ಮ ಪರದೆಯ ಅಕ್ಷರಗಳನ್ನು ತಾವೇ ಬಿಡಿಸುವ ಪ್ರೋಗ್ರಾಂಗಳು ಒಂದೊಂದು ಸಂಕೇತವನ್ನು ಬಿಡಿಬಿಡಿಯಾಗಿ ಇಟ್ಟರೆ ಒತ್ತಕ್ಷರ, ಅರ್ಕಾವೊತ್ತು ಚದುರಿಹೋಗುತ್ತವೆ. ಹಾಗಾದಲ್ಲಿ ಅದನ್ನು ಚಿತ್ರಸಮೇತ ವರದಿ ಮಾಡುವುದೇ ಮೊದಲ ಕೊಡುಗೆ. ಅದು ಸರಿಹೋದರೆ ತೆಲುಗು, ಹಿಂದಿಯವರಿಗೂ ದಾರಿ ಸುಗಮ.

ನನಗೆ ಇದಕ್ಕಿಂತ ತುರ್ತೆನಿಸುವುದು ಕನ್ನಡದಲ್ಲಿ ವಿವರಣೆ ಬರೆಯುವುದು. ಪ್ರೊಸೆಸರ್ ಒಂದು ಆದೇಶವನ್ನು ಹೇಗೆ ತಂದು, ಬಿಡಿಸಿ, ನಡೆಸುತ್ತದೆ ಎಂಬುದನ್ನು ಕಲಿಯಲು 6502ಕ್ಕಿಂತ ಒಳ್ಳೆಯ ಪಾಠವಿಲ್ಲ. ಅದನ್ನು ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಲಿಂಗಸುಗೂರಿನಲ್ಲಿ ಕೂತು ತನ್ನ ಭಾಷೆಯಲ್ಲೇ ಓದುವಂತಾಗಬೇಕು.

ಎಐ ಬರೆದ ಕೋಡ್ ಕಳಿಸಬಹುದೇ?

ಆಯಾ ಯೋಜನೆಯ ನಿಯಮ ಓದಿ. ‘ಕ್ಯೂಎಮು’ ಎಂಬ ಹೆಸರಾಂತ ಎಮ್ಯುಲೇಟರ್ ಯೋಜನೆ 2025ರಲ್ಲಿ ಅಂಥ ಕೋಡ್ ಸ್ವೀಕರಿಸುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ನಿಯಮ ಏನೇ ಇರಲಿ, ನೀವು ಸಾಲುಸಾಲಾಗಿ ವಿವರಿಸಲಾರದ ಪ್ಯಾಚನ್ನು ಕಳಿಸಬೇಡಿ.

ಇದರಿಂದ ನೌಕರಿ ಸಿಗುತ್ತದೆಯೇ?

ಸಿಕ್ಕೇ ಸಿಗುತ್ತದೆಂದು ನಾನು ಹೇಳಲಾರೆ. ಆದರೆ ಎಂಬೆಡೆಡ್ ಕ್ಷೇತ್ರದ ಸಂದರ್ಶನದಲ್ಲಿ ಇಂಟರಪ್ಟ್, ಟೈಮರ್, ಬಸ್ ಎಂದರೇನು ಎಂದು ಕೇಳಿದಾಗ, ಅವುಗಳನ್ನು ಕೈಯಾರೆ ಕಟ್ಟಿದವರ ಉತ್ತರಕ್ಕೂ ಬಾಯಿಪಾಠ ಮಾಡಿದವರ ಉತ್ತರಕ್ಕೂ ವ್ಯತ್ಯಾಸ ಕಾಣುತ್ತದೆ. ನಿಮ್ಮ ಪ್ಯಾಚ್‌ಗಳು ನಿಮ್ಮ ಹೆಸರಿನಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತವೆ. ಗೂಗಲ್ ಸಮ್ಮರ್ ಆಫ್ ಕೋಡ್‌ನಂಥ ಕಾರ್ಯಕ್ರಮಗಳಿಗೆ ಅರ್ಜಿ ಹಾಕುವಾಗಲೂ ಹಿಂದೆ ಮಾಡಿದ ಚಿಕ್ಕ ಕೆಲಸಗಳು ನೆರವಿಗೆ ಬರುತ್ತವೆ.

ಪ್ರತಿ ಮಾಡಿದ ಮೇಲೆ ಮೂಲ ಯಂತ್ರವನ್ನು ಗುಜರಿಗೆ ಹಾಕಬಹುದೇ?

ಬೇಡ. ನಾಳೆ ಯಾರೋ ಹೊಸ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಆ ಬೋರ್ಡ್ ಮಾತ್ರ ಉತ್ತರಿಸಬಲ್ಲದು. ಝೆಡ್80ರ ಮೂಲ ಮಾದರಿಯ ಚಿಪ್‌ಗಳ ಉತ್ಪಾದನೆ ನಿಲ್ಲಿಸುವುದಾಗಿ 2024ರಲ್ಲಿ ಅದರ ತಯಾರಕ ಕಂಪನಿ ಝೈಲಾಗ್ ಪ್ರಕಟಿಸಿತು. ಹೊಸದು ಇನ್ನು ಸಿಗುವುದು ದುಸ್ತರ. ಯಂತ್ರದಲ್ಲಿ ಬ್ಯಾಟರಿ ಇದ್ದರೆ ತೆಗೆದುಬಿಡಿ, ಸೋರಿದರೆ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ತಗಡಿನ ಛಾವಣಿಯ ಕೋಣೆ ಬಿಟ್ಟು ತಂಪಾದ ಕಡೆ ಇಡಿ. ಎಲ್ಲಿ ಸಿಕ್ಕಿತು, ಯಾರು ಬಳಸುತ್ತಿದ್ದರು, ಯಾವ ರೋಮ್ ಓದಿದಿರಿ, ಯಾವ ಭಾಗ ಬದಲಿಸಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ದಿನಾಂಕ ಹಾಕಿ, ಪೆಟ್ಟಿಗೆಯ ಒಳಗೆ ಒಂದು ಪ್ರತಿ, ಹೊರಗೆ ಒಂದು ಪ್ರತಿ ಅಂಟಿಸಿ.